ಎರಡನೆಯ ಗೋದಾವರಿ

ನಮ್ಮ ಕೋಡಿಂಬಾಳದಲ್ಲಿ ಕಾವೇರಿ, ಭಾಗೀರಥಿಯರು ಮನೆಗೊಬ್ಬರಂತೆ ಸಿಗುತ್ತಾರೆ. ಗೋದಾವರಿ ಮಾತ್ರ ಇದ್ದದ್ದು ನೆರೆಮನೆಯ ಪದ್ಮಯ್ಯನವರಲ್ಲಿ. ಮಿಲಿಟರಿಯಲ್ಲಿದ್ದಾಗ ನಾಸಿಕದ ಹೊಳೆಯಲ್ಲಿ ಮಿಂದು ಬಂದ ಅವರು ಚೊಚ್ಚಲ ಮಗಳಿಗೆ ಆ ಹೆಸರಿಟ್ಟರು. ನಾಲ್ಕು ವರ್ಷಕ್ಕೇ ಜ್ವರ ಬಂದು ಮಗು ತೀರಿಕೊಂಡಿತು. ಮರುವರ್ಷ ಇನ್ನೊಂದು ಹೆಣ್ಣು ಹುಟ್ಟಿದಾಗ, ಹೋದವಳೇ ಬಂದಳೆಂದು ಅದಕ್ಕೂ ಅದೇ ಹೆಸರಿಟ್ಟುಬಿಟ್ಟರು. ಹೆತ್ತವಳನ್ನು ಒಂದು ಮಾತು ಕೇಳಲಿಲ್ಲ. ಸತ್ತವರ ಮೇಲೆ ಸಿಟ್ಟು ಸಲ್ಲದು, ಆದರೂ ನನಗೆ ಈಗಲೂ ಸಿಟ್ಟಿದೆ.

ತಾಯಿ ದೇವಮ್ಮನಿಗೆ ಎರಡನೆಯವಳನ್ನು ಆ ಹೆಸರಿನಿಂದ ಕರೆಯಲು ಬಾಯಿ ಬರಲೇ ಇಲ್ಲ. "ಗೂಡೆ" ಎಂದೇ ಕರೆದರು. ಅರೆಭಾಷೆಯಲ್ಲಿ ಹುಡುಗಿ ಎಂದಷ್ಟೇ ಅರ್ಥ. ಐವತ್ತಾದರೂ ಅವಳು ಗೂಡೆಯೇ.

ಹೆಸರು ಹೊರಬರುತ್ತಿದ್ದದ್ದು ವರ್ಷಕ್ಕೊಮ್ಮೆ, ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ದಿನ. ಹಿರಿಯರನ್ನು ಪದ್ಮಯ್ಯ ಕರೆಯುತ್ತಿದ್ದರು, ಮಗುವನ್ನು ದೇವಮ್ಮ. "ಗೋದಾವರಿ, ಬಾ ಮಗಾ, ಉಣ್ಣು." ಏಳು ವರ್ಷದವಳಿದ್ದಾಗ ಇವಳು ತನ್ನನ್ನೇ ಕರೆದರೆಂದು ಓಡಿಬಂದು ಆ ಸಣ್ಣ ಎಲೆಯ ಮುಂದೆ ಕೂತುಬಿಟ್ಟಳು. "ಏಳು, ನಿಂದಲ್ಲ ಅದು," ಎಂದು ದೇವಮ್ಮ ರಟ್ಟೆ ಹಿಡಿದು ಹೊರಗೆ ಕಳಿಸಿ ಬಾಗಿಲು ಹಾಕಿದರು. ಸತ್ತವರು ಉಂಡು ಮುಗಿಸುವವರೆಗೆ ಬದುಕಿದವರು ಹೊರಗೆ ನಿಲ್ಲಬೇಕು.

ಇವಳಿಗೆ ಮದುವೆಯಾಗಲಿಲ್ಲ. ಅಂಗನವಾಡಿ ಟೀಚರಾದಳು. ಪುಟ್ಟ, ಚಿನ್ನ ಎಂದು ಯಾವ ಮಗುವನ್ನೂ ಕರೆದವಳಲ್ಲ. ಅವಿನ್, ಮುಹ್ಸಿನಾ ಎಂದು ಹೆಸರು ಹಿಡಿದೇ ಕರೆಯುತ್ತಿದ್ದಳು. ಕಡಬದ ನಿಯಾಝ್ ಕೊಂಡ ಹಳೆಯ ರಿಕ್ಷಾದ ಮೇಲೆ ಗೋದಾವರಿ ಎಂದು ಬರೆದಿತ್ತು, ಅವನು ಅಳಿಸಲಿಲ್ಲ.

"ಪೇಟೆಯಲ್ಲಿ ಎಲ್ಲರೂ ಗೋದಾವರಿ ಬಂತು, ಗೋದಾವರಿ ಹೋಯ್ತು ಅಂತ ಹೇಳುದು, ಟೀಚರೇ."

"ನಿನ್ನ ರಿಕ್ಷಾಕ್ಕೆ ಪುಣ್ಯ ಉಂಟು ಮಾರಾಯ," ಎಂದು ನಕ್ಕಿದ್ದಳು.

ಅಪರೂಪದ ಹೆಸರೆಂದು ಆಚೆಮನೆಯ ಭವಿತಾ ತನ್ನ ಕೂಸಿಗೆ ಇಡಲೇ ಎಂದು ಕೇಳಿದಾಗ ಮಾತ್ರ ನಗಲಿಲ್ಲ. "ಇಡು. ಆದರೆ ಕರೀಬೇಕು," ಎಂದಳು.

ಕಳೆದ ವರ್ಷ ದೇವಮ್ಮ ಹಾಸಿಗೆ ಹಿಡಿದರು. ಎಂಟು ತಿಂಗಳು ಇವಳೇ ಮೀಯಿಸಿದಳು, ಉಣಿಸಿದಳು, ಕಾದಳು. "ಒಂದು ಸಲ ಹೆಸರು ಹಿಡಿದು ಕರೆದ್ರೆ ಸಾಕಿತ್ತು ಅಕ್ಕ," ಎಂದು ನನ್ನಲ್ಲಿ ಬಾಯಿಬಿಟ್ಟು ಹೇಳಿದ್ದಳು. ದೇವಮ್ಮ ಕೊನೆಗೆ ಆಡಿದ ಮಾತು, "ಗೂಡೆ, ನೀರು."

ಈ ವರ್ಷ ಕರೆಯುವ ಸರದಿ ಇವಳದು. ಅಪ್ಪನನ್ನು ಕರೆದಳು, ಅವ್ವನನ್ನು ಕರೆದಳು. ಅವ್ವನ ಎಲೆಯ ಪಕ್ಕದ ಸಣ್ಣ ಎಲೆಯ ಮುಂದೆ ಕೂತಳು. ಆಮೇಲೆ ದೇವಮ್ಮನದೇ ರಾಗದಲ್ಲಿ, "ಗೋದಾವರಿ, ಬಾ ಮಗಾ, ಉಣ್ಣು," ಎಂದು ನಾನು ನಿಂತಿದ್ದ ಜಗಲಿಗೆ ಹೊರಬಂದು ಬಾಗಿಲು ಎಳೆದುಕೊಂಡಳು.

"ಒಳಗೆ ಈಗ ಅವ್ವ ಅವಳನ್ನು ಕರೀತಾ ಇರ್ಬಹುದು, ಅಲ್ವಾ ಅಕ್ಕ?"

ಇಷ್ಟು ವರ್ಷ ನಾನೂ ಇವಳನ್ನು ಟೀಚರೇ ಎಂದೇ ಕರೆದವಳು. ಭುಜ ಹಿಡಿದು ಮೆಲ್ಲನೆ, "ಗೋದಾವರೀ," ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಒಳಗಿನವಳನ್ನು ಕರೆದೆನೇನೋ ಎಂಬಂತೆ ಬಾಗಿಲನ್ನೇ ನೋಡಿದಳು.