ಸೈರನ್‌ಗಿಂತ ಮೊದಲೇ ಕೆಳಗಿಳಿದ ಅವ್ವ

ಮರಾಠಿ ಸೀಮೆಯ ಖರಾಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಬೆಂಕಿ ಬಿದ್ದರೆ ಪಾರಾಗುವ ತಾಲೀಮು, ಮಾಕ್ ಡ್ರಿಲ್ ಎಂದರೆ ಹಬ್ಬ. ಮಳೆಗಾಲಕ್ಕೆ ಮುಂಚೆ ಒಂದು, ಗಣಪತಿ ಮುಗಿದ ಮೇಲೆ ಒಂದು. ಸೈರನ್ ಕೂಗಿದೊಡನೆ ಲಿಫ್ಟ್ ಬಂದ್. ಎಲ್ಲರೂ ಮೆಟ್ಟಿಲಿಳಿದು ಅಂಗಳದಲ್ಲಿ ಸೇರಬೇಕು. ಕೊನೆಗೆ ಚಪ್ಪಾಳೆ, ವಡಾಪಾವ್, ಫೋಟೊ.

ಗಾಲಿಕುರ್ಚಿಯಲ್ಲಿದ್ದ ನಮ್ಮವ್ವನೇ ಈ ಹಬ್ಬಕ್ಕೆ ಅಡ್ಡಿ. ಮೊದಲ ಸಲ ಅವಳನ್ನು ಕುರ್ಚಿ ಸಮೇತ ಐದನೇ ಮಹಡಿಯಿಂದ ಹೊತ್ತು ತರುವಾಗ ಮೆಟ್ಟಿಲಲ್ಲಿ ಉಳಿದವರೆಲ್ಲ ಸಿಕ್ಕಿಕೊಂಡರು. ಡ್ರಿಲ್ ನೋಡಲು ಬಂದ ಅಗ್ನಿಶಾಮಕದ ಅಧಿಕಾರಿ ಮುಖ ಸಿಂಡರಿಸಿದ. ಸೊಸೈಟಿಯ ಸೆಕ್ರೆಟರಿ ವಿಜಯಪುರದ ಕಡೆಯವರು, ನಮ್ಮವರೇ. ಸಂಜೆ ಮನೆಗೆ ಬಂದರು.

"ಮುಂದಿನ ಸಲ ಅವ್ವಾರನ್ನ ಸೈರನ್ ಹೊಡ್ಯೂದಕ್ಕಿಂತ ಮೊದಲ ಲಿಫ್ಟಿನ್ಯಾಗ ಇಳಸತೀವ್ರಿ. ಅವರಿಗೂ ತ್ರಾಸ ಇಲ್ಲ, ನಮಗೂ ಇಲ್ಲ."

"ಖರೇ ಬೆಂಕಿ ಬಿದ್ರ, ಅದೂ ಮೊದಲ ಹೇಳಿ ಬೀಳ್ತದೇನ್ರಿ?" ಎಂದೆ.

ಅವರು ನಕ್ಕರು. ಅವ್ವನೂ ನಕ್ಕು, "ಇರ್ಲಿ ಬಿಡವಾ, ಎತ್ತಿದವರ ಕೈ ಭಾಳ ನಡಗತಿದ್ವು" ಎಂದಳು.

ಅಲ್ಲಿಂದ ಹಾಗೇ ನಡೆಯಿತು. ಡ್ರಿಲ್ ದಿನ ಅವ್ವ ತಲೆ ಬಾಚಿಕೊಂಡು, ಎಲೆಅಡಿಕೆಯ ಸಂಚಿ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕಾಯುವಳು. ವಾಚ್‌ಮನ್ ಬಂದು ಇಳಿಸುವನು. ಸೈರನ್ ಕೂಗುವಾಗ ಅವಳು ಆಗಲೇ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಿರುತ್ತಿದ್ದಳು. ಜನ ಅವಳಿಗೆ ನಮಸ್ಕಾರ ಹೇಳಿ ಸಾಲಿನಲ್ಲಿ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಬಿರುಗಾಳಿ ಮಳೆಗೆ ನೆಲಮಹಡಿಯ ಮೀಟರ್ ಕೋಣೆ ಹೊತ್ತಿಕೊಂಡು ಸೈರನ್ ಕೂಗಿತು. ನಾನು ಹಡಪಸರದ ಆಫೀಸಿನಲ್ಲಿದ್ದೆ. ಸುದ್ದಿ ತಿಳಿದೊಡನೆ ಮಾಡಿದರೆ ಅವ್ವನ ಫೋನು ಹತ್ತಲಿಲ್ಲ. ಸೆಕ್ರೆಟರಿಗೆ ಮಾಡಿದೆ.

"ಎಲ್ಲಾರೂ ಬಂದಾರ್ರಿ. ಅವ್ವಾರಂತೂ ಮೊದಲ ಇಳದಾರ. ಕಾಳಜಿ ಮಾಡಬ್ಯಾಡ್ರಿ."

ಅವರು ಬೇಕೆಂದೇ ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅವ್ವ ಯಾವಾಗಲೂ ಕೆಳಗೇ ಇದ್ದವಳು. ಮರದ ಕಡೆ ಒಮ್ಮೆ ಕತ್ತು ಹೊರಳಿಸಿದ್ದರೆ ಸಾಕಿತ್ತು. ಅಷ್ಟೂ ಆಗಲಿಲ್ಲ ಆ ಮಹಾನುಭಾವರಿಗೆ.

ಅಗ್ನಿಶಾಮಕದವರು ಮೇಲೆ ಹೋಗಿ ಬಾಗಿಲು ತೆರೆದಾಗ ಅವ್ವ ಹೊಸ್ತಿಲ ಬಳಿಯೇ ಕುರ್ಚಿಯಲ್ಲಿದ್ದಳು. ತಲೆ ಬಾಚಿಕೊಂಡಿದ್ದಳು. ಸಂಚಿ ತೊಡೆಯ ಮೇಲಿತ್ತು. ಕರೆದೊಯ್ಯಲು ಬರುತ್ತಾರೆಂದು ಕಾಯುತ್ತಾ ಹೊಗೆಯಲ್ಲಿ ಉಸಿರುಕಟ್ಟಿ ಸತ್ತಿದ್ದಳು.

ಸಾವಿನ ಮನೆಗೆ ಮಾತಾಡಿಸಲು ಬಂದ ಸೆಕ್ರೆಟರಿ ಕಣ್ಣೊರೆಸಿಕೊಂಡು, "ಅವ್ವಾರು ಒಂದ್ ಸಲ ಜೋರಾಗಿ ಕೂಗಿದ್ರ ಆಗ್ತಿತ್ರಿ" ಎಂದರು. ನಾನು ಎದ್ದು ಬಾಗಿಲು ತೋರಿಸಿದೆ.

ಗಣಪತಿ ಮುಗಿದ ಮೇಲೆ ಮತ್ತೆ ಡ್ರಿಲ್ ಇಟ್ಟರು. ಸೈರನ್ ಕೂಗಿತು. ನಾನು ಇಳಿಯಲಿಲ್ಲ. ಯಾರಾದರೂ ಹುಡುಕಿಕೊಂಡು ಬರುತ್ತಾರೋ ನೋಡೋಣವೆಂದು ಅವ್ವನ ಕುರ್ಚಿಯಲ್ಲಿ, ಅದೇ ಬಾಗಿಲ ಬಳಿ ಕೂತೆ. ಮೆಟ್ಟಿಲ ಮೇಲಿನ ಕಾಲಸಪ್ಪಳ ನಿಂತಿತು. ಕೆಳಗೆ ಸೆಕ್ರೆಟರಿ ಮೈಕು ಹಿಡಿದು, ಎಲ್ಲರೂ ಇಳಿದಿದ್ದಾರೆ, ಯಾರೂ ಉಳಿದಿಲ್ಲ ಎಂದು ಮರಾಠಿಯಲ್ಲಿ ಸಾರಿದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು.