ತಾತನ ಕೌದಿ, ಪುಟ್ಟಿಯ ಬೆಲ್ಟು

ಮಕ್ಕಳೇ, ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಹಿಂದೂಪುರದ ಆಸ್ಪತ್ರೆಯಲ್ಲಿ ಹೇಳಬೇಕಾಗಿದ್ದ ಒಂದು ಮಾತನ್ನು ಈಗ ಬರೆದು ಒಪ್ಪಿಸುತ್ತಿದ್ದೇನೆ.

ಆಗ ಪುಟ್ಟಿಗೆ ಮೂರು ವರ್ಷ. ನಿಮ್ಮಪ್ಪ ಅಮ್ಮ ಕಾರಿನ ಸೀಟಿನ ಮೇಲೆ ಅವಳಿಗೆಂದು ಬೆಲ್ಟಿರುವ ಪುಟ್ಟ ಕುರ್ಚಿ ತಂದು ಕೂರಿಸಿದ್ದರು. ಮಡಿಲಿರುವಾಗ ಕುರ್ಚಿಗೆ ಕಟ್ಟುವುದೆಂದರೆ ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ ಕಂಡಿತು ನನಗೆ. ಚಳಿಗಾಲ ಬೇರೆ. ನಿಮ್ಮ ತಾತನ ಹಳೇ ಪಂಚೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿಯನ್ನು ಅವಳಿಗೆ ಸುತ್ತಿ, ಅದರ ಮೇಲೆ ಬೆಲ್ಟ್ ಹಾಕಿದೆ. ತಾತನೇ ತಬ್ಬಿ ಕೂತ ಹಾಗಿದೆ ಎಂದು ಒಳಗೇ ಬೀಗಿದೆ. ಹೀಗೆ ಮೂರು ಸಲ ಕಲ್ಯಾಣದುರ್ಗಕ್ಕೆ ಹೋಗಿ ಬಂದೆವು.

ಒಂದು ದಿನ ಆಸ್ಪತ್ರೆಯ ಅಂಗಳದಲ್ಲಿ ನರ್ಸಮ್ಮ ಅಪ್ಪ ಅಮ್ಮಂದಿರಿಗೆ ಈ ಕುರ್ಚಿ ಕಟ್ಟುವುದನ್ನು ಕಲಿಸುತ್ತಿದ್ದರು. ನಮ್ಮ ಕಾರಿಗೂ ಬಂದರು. ಪುಟ್ಟಿಯನ್ನು ಬಿಚ್ಚಿ, ಕೌದಿ ತೆಗೆದು, ಬೆಲ್ಟನ್ನು ಬಿಗಿ ಮಾಡದೆ ಇದ್ದ ಅಳತೆಯಲ್ಲೇ ಮತ್ತೆ ಕಟ್ಟಿದರು. ಎದೆಗೂ ಬೆಲ್ಟಿಗೂ ನಡುವೆ ಅವರ ಮುಷ್ಟಿ ಸಲೀಸಾಗಿ ತೂರಿತು.

“ಚೂಡಮ್ಮಾ, ಇಲ್ನೋಡು, ಬ್ರೇಕ್ ಹಾಕಿದ್ರೆ ಕೌದಿ ಅಮುಕ್ಕೊಂಡ್ಬುಡ್ತದೆ, ಮಗು ಆಚೆ ಬಂದ್ಬುಡ್ತದೆ. ಯಾರು ಇಂಗೆ ಕಟ್ಟಿದ್ದು?”

ಹೋಗುತ್ತಾ ಬರುತ್ತಾ ಆರು ಸಲ ಹಾಗೇ ಕಟ್ಟಿದ್ದೆ. ತೆಗೆದಿಟ್ಟ ಕೌದಿಯನ್ನು ಎತ್ತಿಕೊಂಡು ಮಡಚತೊಡಗಿದೆ.

“ನಾನೇ ಮೇಡಂ,” ಅಂದಳು ನಿಮ್ಮಮ್ಮ.

“ಓದಿರೋಳು ಕಣಮ್ಮ ನೀನು. ಭುಜದತ್ರ ಬೆಲ್ಟನ್ನ ಎರಡು ಬೆರಳಲ್ಲಿ ಚಿವುಟಿ ನೋಡು. ಮಡಿಕೆ ಸಿಕ್ರೆ ಸಡಿಲ ಅಂತ.”

ಮಗ್ಗದ ಮನೆಯವಳು ನಾನು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ನೂಲು ಕೂದಲಿನಷ್ಟು ಸಡಿಲವಾದರೂ ಬೆರಳು ಹೇಳುತ್ತಿತ್ತು. ಯಾರೋ ಉಡುವ ಸೀರೆಯನ್ನು ಅಷ್ಟು ಅನುಮಾನದಿಂದ ಮುಟ್ಟಿ ನೋಡಿದವಳು, ನನ್ನ ಮೊಮ್ಮಗಳ ಬೆಲ್ಟನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ. ಪ್ರೀತಿಯಿಂದ ಕಟ್ಟಿದ್ದಲ್ಲವೇ, ಗಟ್ಟಿಯಾಗಿಯೇ ಇರುತ್ತದೆ ಅಂದುಕೊಂಡಿದ್ದೆ.

ಮುಂದಿನ ಸಲ ಕಲ್ಯಾಣದುರ್ಗಕ್ಕೆ ಹೊರಟಾಗ ನಿಮ್ಮಮ್ಮ ಬೆಲ್ಟ್ ಹಾಕಿ, “ಅತ್ತೆ, ನಿಮ್ಮ ಬೆರಳಲ್ಲಿ ನೋಡಿ,” ಅಂದಳು. ಚಿವುಟಿದೆ. ಮಡಿಕೆ ಸಿಗಲಿಲ್ಲ. ಕೌದಿಯನ್ನು ಬೆಲ್ಟಿನ ಮೇಲೆ ಹೊದಿಸಿದೆ.

ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ನಿಮ್ಮಪ್ಪ ಗಕ್ಕನೆ ಬ್ರೇಕ್ ಒತ್ತಿದ. ಕೌದಿ ಹಾರಿ ಮುಂದೆ ಬಿತ್ತು. ಪುಟ್ಟಿ ಕೂತಲ್ಲೇ ಕೂತು ಕುರಿಗಳನ್ನು ನೋಡಿ ನಕ್ಕಳು.

ನಿಮ್ಮಮ್ಮ ಕೌದಿ ಕೊಡವಿ ನನ್ನ ಮಡಿಲಿಗೆ ಹಾಕಿದಳು. “ಮಾವಯ್ಯನ್ನ ನೀವೇ ಹಿಡ್ಕೊಳ್ಳಿ ಅತ್ತೆ,” ಅಂದಳು.

ಅವತ್ತು ಹಾಗೆ ಕಟ್ಟಿದ್ದು ಅವಳಲ್ಲ ಮಕ್ಕಳೇ, ನಾನು.