ಕಾಲಬುಡದ ಕೆಂಪು ದೀಪ

ನಮ್ಮ ಮನೆಯಲ್ಲಿ ಗಿಟಾರ್ ನುಡಿಸುವವಳು ನನ್ನ ಹೆಂಡತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಗೆ ಬಂದವರು ಗೋಡೆಗೆ ಒರಗಿಸಿದ ಗಿಟಾರ್ ನೋಡಿ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮಗಳೆಲ್ಲಿ ಎಂದು ಕೇಳುತ್ತಾರೆ. ಹೆಂಡತಿಯ ಕಡೆ ಯಾರೂ ತಿರುಗುವುದಿಲ್ಲ.

ತಂದದ್ದೇನೋ ಮಗಳಿಗೇ. ಅವಳು ಎರಡು ತಿಂಗಳು ಟಿಂಗ್ ಟಿಂಗ್ ಅನ್ನಿಸಿ, ಬೆರಳು ನೋಯುತ್ತದೆಂದು ಬೀರುವಿನ ಮೇಲೆ ಹಾಕಿದಳು. ಧೂಳು ಒರೆಸಲೆಂದು ಕೆಳಗಿಳಿಸಿದ ನನ್ನ ಹೆಂಡತಿ ಅದನ್ನು ಮತ್ತೆ ಮೇಲಿಡಲಿಲ್ಲ. ಅಂಗನವಾಡಿಯಿಂದ ಬಂದು, ಕಾಫಿ ಕುಡಿದು, ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಅದರಲ್ಲಿ ತೋರಿಸಿದ ಹಾಗೆ ಬೆರಳಿಡುತ್ತ ಕೂರುತ್ತಿದ್ದಳು. ಮೊದಮೊದಲು ನನಗೂ ನಗು ಬರುತ್ತಿತ್ತು. ನಾಲ್ಕನೆಯ ವರ್ಷಕ್ಕೆ ಸಕಲೇಶಪುರದ ಒಂದು ವಾದ್ಯತಂಡದವರು ಅವಳನ್ನು ಕರೆದಾಗ ನಗುವುದು ನಿಲ್ಲಿಸಿದೆ.

ಆ ತಂಡ ನಡೆಸುವವರು ಕೀಬೋರ್ಡ್ ನುಡಿಸುತ್ತಾರೆ. ಮನೆತನದ್ದು ಕಾಫಿ ವ್ಯಾಪಾರ. ವಾರವೆಲ್ಲ ಕಾಫಿ ಮೂಟೆ ಹೊರುವ ಅವರ ಪಿಕಪ್ ಗಾಡಿ ಭಾನುವಾರ ಸೌಂಡ್ ಬಾಕ್ಸ್ ಹೊರುತ್ತದೆ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ, ಅವರು ನನ್ನ ಹೆಂಡತಿಯನ್ನು ಟೀಚರಕ್ಕ ಎನ್ನುತ್ತಾರೆ. ಅವರೇ ಹುಡುಕಿಸಿ ಅವಳಿಗೊಂದು ಎಲೆಕ್ಟ್ರಿಕ್ ಗಿಟಾರನ್ನೂ ಯಾರೋ ಬಳಸಿ ಬಿಟ್ಟಿದ್ದ ಆಂಪ್ಲಿಫೈಯರನ್ನೂ ಕೊಡಿಸಿದರು.

ಆ ಆಂಪ್ಲಿಫೈಯರಿಗೆ ಎರಡು ದನಿ. ಒಂದು ಸಾದಾ, ತಂತಿ ಮೀಟಿದರೆ ತಂತಿಯದೇ ನಾದ. ಇನ್ನೊಂದು ಗಡುಸು, ಕುಣಿಯುವ ಹಾಡುಗಳಿಗೆ ಬೇಕಾದ ಗರ್ರ್ ಎನ್ನುವ ದನಿ. ಒಂದರಿಂದ ಇನ್ನೊಂದಕ್ಕೆ ದಾಟಲು ಒಂದು ಫುಟ್ ಸ್ವಿಚ್. ಅಂಗೈ ಅಗಲದ ತಗಡಿನ ಡಬ್ಬಿ, ಮೇಲೊಂದು ಗುಂಡಿ, ಹಿಂದಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರು. ಕಾಲಲ್ಲಿ ಒತ್ತಿದರೆ ಗಡುಸು, ಇನ್ನೊಮ್ಮೆ ಒತ್ತಿದರೆ ಸಾದಾ. ಗುಂಡಿ ಎರಡು ಸಲವೂ ಒಂದೇ ಎತ್ತರಕ್ಕೆ ಎದ್ದು ನಿಲ್ಲುತ್ತದೆ. ಈಗ ಯಾವ ಕಡೆ ಇದೆ ಎಂದು ನೋಡಿದರೆ ತಿಳಿಯುವುದಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ.

ಬಾಳ್ಳುಪೇಟೆಯ ಒಂದು ಮದುವೆ ಆರತಕ್ಷತೆಯಲ್ಲಿ ಅದೇ ಎಡವಟ್ಟಾಯಿತು. ಮೊದಲು ಪ್ರಾರ್ಥನೆ, ಅದಕ್ಕೆ ಇವಳ ಗಿಟಾರಿನಿಂದಲೇ ಆರಂಭ. ಹಾಡುವ ಹುಡುಗಿ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾಳೆ. ವಿಡಿಯೋ ತೆಗೆಯುವವನು ಅತ್ತಿಂದಿತ್ತ ದಾಟುವಾಗ ಗುಂಡಿಯ ಮೇಲೆ ಕಾಲಿಟ್ಟದ್ದನ್ನು ಆಗ ಯಾರೂ ಗಮನಿಸಿರಲಿಲ್ಲ. ಇವಳು ಮೀಟಿದಳು. ತುಂಬಿದ ಲಾರಿ ಫಸ್ಟ್ ಗೇರಿನಲ್ಲಿ ಘಾಟಿ ಹತ್ತಿದ ಸದ್ದು ಬಂತು. ಛತ್ರವಿರುವುದೇ ಹೆದ್ದಾರಿ ಪಕ್ಕ. ಹಿಂದಿನ ಸಾಲಿನಿಂದ ಒಬ್ಬ ಕೂಗಿದ:

“ಲೋ, ಲಾರಿ ಒಳಕ್ಕೇ ಬಂದ್‌ಬುಡ್ತು ಕಣ್ರೋ, ಎದ್ದೇಳ್ರೋ!”

ಮದುಮಗನೂ ನಕ್ಕ. ಇವಳು ಗುಂಡಿ ಒತ್ತಿ ಮತ್ತೆ ಶುರು ಮಾಡಿ, ಸರಿಯಾಗಿಯೇ ನುಡಿಸಿ ಮುಗಿಸಿದಳು. ಆದರೆ ಆಮೇಲೆ ನುಡಿಸಿದ್ದು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

ಸಾಮಾನು ಗಾಡಿಗೆ ಏರಿಸುವಾಗ ಭಾಯ್ ಮೆತ್ತಗೆ ಹೇಳಿದರು. “ಟೀಚರಕ್ಕ, ಬೇಜಾರ್ ಮಾಡ್ಕೋಬ್ಯಾಡಿ. ಬೆಳಗೋಡಿನ ಪ್ರೋಗ್ರಾಮಲ್ಲಿ ಇನ್ನೊಂದ್ ಸಲ ನೋಡಾಣ. ಅಲ್ಲೂ ಹಿಂಗೇ ಆದ್ರೆ ಆಮೇಲೆ ನೀವು ಕೋರಸ್‌ಗೆ ನಿಂತ್ಕಳಿ. ಗಿಟಾರ್ ಸೌಂಡು ನನ್ನ ಕೀಬೋರ್ಡಲ್ಲೂ ಐತೆ.”

ಕೊನೆಯ ಮಾತು ಅವಳಿಗೆ ನಾಟಿತು. ಬಸ್ಸಿನಲ್ಲಿ ಗಿಟಾರನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದವಳು ನಮ್ಮ ಸ್ಟಾಪ್ ಹತ್ತಿರ ಬರುವಾಗ ಒಂದೇ ಮಾತು ಕೇಳಿದಳು.

“ಅಲ್ಲಾ ರೀ, ಅದು ಯಾವ್ ಕಡೆ ಐತೆ ಅಂತ ಬಾರಿಸ್ದೆ ಹೆಂಗ್ ತಿಳ್ಕಳದು?”

“ನಮ್ಮ ಪಲ್ಪರ್ ಮನೇಲಿ ದೀಪ ನೋಡಿ ತಿಳ್ಕತೀವಿ” ಎಂದೆ.

ನಾನು ಆಲೂರು ಕಡೆಯ ಒಂದು ಎಸ್ಟೇಟಿನಲ್ಲಿ ಎಲೆಕ್ಟ್ರಿಷಿಯನ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಮೋಟರು, ಕೆರೆಯ ಪಂಪು, ಕೂಲಿಯವರ ಲೈನ್ ಮನೆಗಳ ವೈರಿಂಗು, ಇವೇ ನನ್ನ ಪಾಲಿನ ಕೆಲಸ. ಪಲ್ಪರಿನ ಸ್ಟಾರ್ಟರಿನಲ್ಲಿ ಸ್ವಿಚ್ಚು ಕೂತಾಗ ಒಂದು ಜೊತೆ ಕಾಂಟ್ಯಾಕ್ಟು ಮೋಟರನ್ನು ಓಡಿಸುತ್ತದೆ, ಅದರ ಜೊತೆಜೊತೆಗೇ ಕೂರುವ ಇನ್ನೊಂದು ಜೊತೆ ಕಾಂಟ್ಯಾಕ್ಟು ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿಸುತ್ತದೆ. ಕೆಂಪು ಉರಿದರೆ ಒಳಗೆ ಓಡುತ್ತಿದೆ ಎಂದು ಅರ್ಥ, ಕೈ ಹಾಕಬೇಡ. ಇಷ್ಟು ದೊಡ್ಡ ಯಂತ್ರಕ್ಕೆ ಆಗುವುದು ಅಂಗೈ ಅಗಲದ ಡಬ್ಬಿಗೆ ಏಕಾಗಬಾರದು?

ಮಾರನೆಯ ಸಂಜೆಯೇ ಡಬ್ಬಿ ಬಿಚ್ಚಿದೆ. ಸ್ಕ್ರೂಗಳನ್ನು ಕೈಗೆ ಸಿಕ್ಕ ಸ್ಟೀಲ್ ಬಟ್ಟಲಿಗೆ ಹಾಕಿದೆ. “ಅದು ಮೊಸರಿನ ಬಟ್ಲು ಮಾರಾಯ್ರೆ” ಎಂದು ಒಳಗಿನಿಂದ ಕೂಗು ಬಂತು. ಹಿಂದಕ್ಕೆ ತಿರುಗದೆಯೇ ಇವಳಿಗೆ ಬಟ್ಟಲಿನ ಸದ್ದು ತಿಳಿಯುತ್ತದೆ. ಡಬ್ಬಿಯೊಳಗೆ ಹೆಚ್ಚೇನೂ ಇರಲಿಲ್ಲ. ವೈರು ಬೆಸೆಯಲು ಎರಡು ಕಾಲಿರುವ ಒಂದು ಸ್ವಿಚ್ಚು, ಅದಕ್ಕೆ ಎರಡು ವೈರು. ಆಂಪ್ಲಿಫೈಯರಿನಿಂದಲೇ ಕರೆಂಟು ಕದ್ದು ದೀಪ ಉರಿಸಬಹುದಿತ್ತೇನೋ. ಆದರೆ ಅದರ ಹೊಟ್ಟೆಯೊಳಗೆ ಏನಿದೆಯೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಕೈ ಹಾಕಬಾರದೆಂದು ಇಪ್ಪತ್ತೈದು ವರ್ಷದ ಕೆಲಸ ಕಲಿಸಿದೆ. ಹಾಗಾಗಿ ಹಾಸನದ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಆರು ಕಾಲಿನ ಒತ್ತುವ ಸ್ವಿಚ್ಚು ತಂದೆ. ಅದರಲ್ಲಿ ಮೂರು ಕಾಲು ಒಂದು ಸಾಲು, ಮೂರು ಕಾಲು ಇನ್ನೊಂದು ಸಾಲು. ಎರಡು ಸಾಲಿಗೂ ಒಳಗೆ ಸಂಬಂಧವಿಲ್ಲ, ಆದರೆ ಗುಂಡಿ ಒಂದೇ. ಒಂದು ಸಾಲು ಆಂಪ್ಲಿಫೈಯರಿಗೆ, ಇನ್ನೊಂದು ಸಾಲು ದೀಪಕ್ಕೆ. ದೀಪಕ್ಕೆ ಬೇರೆಯೇ ಒಂದು ಒಂಬತ್ತು ವೋಲ್ಟಿನ ಬ್ಯಾಟರಿ.

ದೊಡ್ಡ ದೊಡ್ಡ ಮೋಟರ್ ನೋಡಿದವನಿಗೆ ಒಂಬತ್ತು ವೋಲ್ಟೆಂದರೆ ಅಸಡ್ಡೆ. ಸಣ್ಣ ಕೆಂಪು ಎಲ್‌ಇಡಿ ದೀಪವನ್ನು ನೇರ ಬ್ಯಾಟರಿಗೆ ಮುಟ್ಟಿಸಿದೆ. ಒಂದು ಚಣ ಝಗ್ ಎಂದು ಉರಿದು, ಸತ್ತು, ಸುಟ್ಟ ವಾಸನೆ ಬಂತು.

“ಆಯ್ತಾ ದೀಪಾವಳಿ?” ಎಂದಳು.

ಇನ್ನೊಂದು ತಂದು, ಕರೆಂಟನ್ನು ಹಿಡಿದು ಬಿಡಲು ನಡುವೆ ಒಂದು ರೆಸಿಸ್ಟರ್ ಹಾಕಿದೆ. ಎಲ್‌ಇಡಿಯ ಉದ್ದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್, ಎರಡಕ್ಕೂ ಬೇರೆ ಬಣ್ಣದ ವೈರು. ಎಸ್ಟೇಟಿನ ವರ್ಕ್‌ಶಾಪಿನಲ್ಲಿ ಊಟದ ಬಿಡುವಿನಲ್ಲಿ ಡಬ್ಬಿಗೆ ತೂತು ಕೊರೆದೆ. ಗುಂಡಿಯ ಎದುರಿಗೆ, ಎರಡು ಬೆರಳು ದೂರದಲ್ಲಿ. ಎಲ್ಲ ಬೆಸುಗೆ ಹಾಕಿ ನೋಡಿದರೆ ತಿರುಗಾಮುರುಗಾ ಆಗಿತ್ತು. ದನಿ ಸಾದಾ ಇದ್ದಾಗ ದೀಪ, ಗಡುಸು ಇದ್ದಾಗ ಕತ್ತಲು. ದೀಪದ ವೈರನ್ನು ಸಾಲಿನ ಆ ತುದಿಯ ಕಾಲಿನಿಂದ ಈ ತುದಿಯ ಕಾಲಿಗೆ ಬದಲಿಸಿದೆ. ಸರಿಹೋಯಿತು. ಕೆಂಪು ಉರಿದರೆ ಗಡುಸು. ಅವಳು ಒತ್ತಿದಳು, ಉರಿಯಿತು. ಒತ್ತಿದಳು, ಆರಿತು. ಗಿಟಾರ್ ಹಿಡಿಯುವುದನ್ನೂ ಮರೆತು ಇಪ್ಪತ್ತು ಸಲವಾದರೂ ಒತ್ತಿರಬೇಕು.

“ನಮ್ಮ ಅಂಗನವಾಡಿ ಮಕ್ಳಿಗೆ ಕೊಟ್ರೆ ಊಟನೇ ಕೇಳಲ್ಲ” ಎಂದಳು. ನನಗೆ ಅಷ್ಟು ಸರ್ಟಿಫಿಕೇಟು ಸಾಕಾಗಿತ್ತು.

ಆಮೇಲೆ ಹತ್ತು ಸಂಜೆ ಅಭ್ಯಾಸ ನಡೆಯಿತು. ಅವಳು ಅಡುಗೆಮನೆಯ ಬಾಗಿಲಲ್ಲಿ ನೈಟಿ ತೊಟ್ಟು ನಿಂತು ನುಡಿಸುವುದು, ನಾನು ಎದುರಿಗೆ ಕೂತು ಬೇಕೆಂದೇ ಗುಂಡಿ ಒತ್ತಿಬಿಡುವುದು, ಅವಳು ಮೀಟುವ ಮೊದಲು ಒಮ್ಮೆ ಕೆಳಗೆ ನೋಡಿ ಸರಿಮಾಡಿಕೊಳ್ಳುವುದು. ಒಂದು ಸಲವೂ ತಪ್ಪಲಿಲ್ಲ. ಇನ್ನು ಬೆಳಗೋಡಿನ ಚಿಂತೆ ಬೇಡ ಎಂದು ನಾನು ಎದೆ ತಟ್ಟಿ ಹೇಳಿದೆ.

ಬೆಳಗೋಡಿನದು ಸುತ್ತಲ ಊರುಗಳ ಮಹಿಳಾ ಸಂಘಗಳ ವಾರ್ಷಿಕ ಸಭೆ. ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ದಿನ ಭಾಯ್ ಫೋನು ಮಾಡಿ, “ಹೆಂಗಸ್ರ ಸಭೆ ಅಕ್ಕ, ಚೂಡಿದಾರ ಬ್ಯಾಡ, ಸೀರೆ ಉಟ್ಕಂಡ್ ಬನ್ನಿ ಅಂತ ಸಂಘದೋರು ಹೇಳವ್ರೆ” ಎಂದರು. ಅವಳು ಹೂಂ ಎಂದಳು. ಅದು ದೊಡ್ಡ ಸಂಗತಿಯೆಂದು ಅವಳಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ. ಹೊಸ ಹತ್ತಿ ಸೀರೆ ಉಟ್ಟಳು, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ನೆಲ ಗುಡಿಸುವಷ್ಟು ಉದ್ದಕ್ಕೆ.

ವೇದಿಕೆಯ ಮೇಲೆ ದೇವರ ದೀಪ ಹಚ್ಚಿದ್ದರಿಂದ ಎಲ್ಲರೂ ಚಪ್ಪಲಿ ಕೆಳಗೇ ಬಿಟ್ಟಿದ್ದರು. ಚಪ್ಪಲಿ ಬಿಟ್ಟ ಮೇಲೆ ಸೀರೆ ಇನ್ನೂ ಒಂದು ಬೆರಳು ಇಳಿಯಿತು. ಅವಳು ಗಿಟಾರ್ ಹೆಗಲಿಗೆ ಹಾಕಿ ಮುಂದೆ ಬಂದು ನಿಂತಾಗ, ಗಂಜಿ ಹಾಕಿದ ಆ ನೆರಿಗೆಗಳು ಡಬ್ಬಿಯ ಮೇಲೆ ಕೊಡೆ ಬಿಚ್ಚಿದ ಹಾಗೆ ಕೂತುಬಿಟ್ಟವು. ನಾನು ಮೂರನೆಯ ಸಾಲಿನ ಕೊನೆಯಲ್ಲಿದ್ದೆ. ಅವಳು ಕೆಳಗೆ ನೋಡಿದಳು. ಕಾಲಿನಿಂದ ನೆರಿಗೆಯನ್ನು ಅತ್ತ ತಳ್ಳಿದಳು. ಅದು ತಿರುಗಿ ಬಂದು ಕೂತಿತು. ಇನ್ನೊಮ್ಮೆ ತಳ್ಳಿದಳು, ಇನ್ನೊಮ್ಮೆ ಬಂತು. ಆಗ ತಲೆಯೆತ್ತಿ ನನ್ನನ್ನು ಹುಡುಕಿದಳು.

ತೂತು ಕೊರೆಯುವಾಗ ಎರಡು ಬೆರಳು ಅಳೆದಿದ್ದೆ, ಬಣ್ಣ ಯೋಚಿಸಿದ್ದೆ, ಬ್ಯಾಟರಿ ಯೋಚಿಸಿದ್ದೆ. ಪ್ಯಾಂಟಿನವನು ಪ್ಯಾಂಟಿನವನ ಹಾಗೆಯೇ ಯೋಚಿಸಿದ್ದೆ. ಅದಕ್ಕೆ ಮುಂಚೆ ಕುರ್ಚಿಯಲ್ಲಿ ಕೂತು ಸೌಂಡು ಪರೀಕ್ಷಿಸುವಾಗ ಅವಳು ಎಷ್ಟು ಸಲ ಒತ್ತಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಅಷ್ಟರಲ್ಲಿ ಮೈಕಿನವರು, “ಈಗ ಪ್ರಾರ್ಥನೆ” ಎಂದರು. ಸಭೆ ಎದ್ದು ನಿಂತಿತು. ಭಾಯ್ ಕೀಬೋರ್ಡಿನ ಹಿಂದಿನಿಂದ ಶುರುಮಾಡಿ ಎಂದು ತಲೆ ಆಡಿಸಿದರು.

ಅವಳು ಶುರು ಮಾಡಲಿಲ್ಲ. ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಗಿಟಾರನ್ನು ಬೆನ್ನ ಕಡೆ ಸರಿಸಿದಳು. ಬಗ್ಗಿ ಮುಂದಿನ ನೆರಿಗೆಗಳನ್ನು ಒಟ್ಟಿಗೆ ಬಾಚಿ, ಗೇಣುದ್ದ ಮೇಲಕ್ಕೆತ್ತಿ, ಸೊಂಟದಲ್ಲಿ ಬಿಗಿಯಾಗಿ ಸಿಕ್ಕಿಸಿದಳು. ಕೆಳಗೆ ಮಾಸಿದ ಲಂಗದ ಅಂಚು ಕಾಣುತ್ತಿತ್ತು. ಕಾಣಲಿ ಎಂದು ಬಿಟ್ಟಳು.

ಭಾಯ್ ಪಿಸುಗುಟ್ಟಿದರು. ಅವರ ಮೈಕು ಆನ್ ಇದ್ದದ್ದು ಅವರಿಗೆ ಮರೆತಿತ್ತು. ಮಾತು ಎರಡೂ ಸೌಂಡ್ ಬಾಕ್ಸಿನಲ್ಲಿ ಹೊರಬಿತ್ತು.

“ಟೀಚರಕ್ಕ, ಏನು, ನಾಟಿಗ್ ಇಳೀತಿದೀರಾ?”

ಸಭೆಯೆಲ್ಲ ಗೊಳ್ ಎಂದಿತು. ನಾನು ಕಣ್ಣು ಕೆಳಗೆ ಮಾಡಿದೆ. ಆಗ ಮುಂದಿನ ಸಾಲಿನ ಒಬ್ಬ ಅಜ್ಜಿ, ತಾನೂ ವರ್ಷಾ ವರ್ಷಾ ಭತ್ತದ ಗದ್ದೆಗೆ ಇಳಿಯುವವಳೇ ಇರಬೇಕು, ಮೈಕಿಲ್ಲದೆಯೇ ಕೂಗಿದಳು.

“ಇಳೀಲಿ ಬುಡಣ್ಣ! ಕೆಲ್ಸುಕ್ ನಿಂತೋರು ಹಂಗೇ ಕಣಪ್ಪ ಕಟ್ಟೋದು. ನೀ ನಿನ್ನ ಪೆಟ್ಗೆ ನೋಡ್ಕೊ!”

ಈ ಸಲದ ನಗು ಬೇರೆ ಥರದ್ದು. ಚಪ್ಪಾಳೆಯೂ ಬಿತ್ತು. ನಾನು ಕತ್ತೆತ್ತಿದೆ. ಅವಳು ತನ್ನ ಕಾಲಬುಡ ನೋಡುತ್ತಿದ್ದಳು. ಅವಳ ಮುಖದಿಂದಲೇ ನನಗೆ ತಿಳಿಯಿತು, ದೀಪ ಉರಿಯುತ್ತಿದೆ. ಮೀಟಿದ್ದರೆ ಬಾಳ್ಳುಪೇಟೆಯ ಲಾರಿ ಬೆಳಗೋಡಿಗೂ ಬರುತ್ತಿತ್ತು. ಬರಿಗಾಲಿನ ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಹಲ್ಲಿನಿಂದ ಬಿಲ್ಲೆ ತೆಗೆದು ಮೀಟಿದಳು.

ಸಾದಾ ದನಿ. ಒಂದೊಂದೇ ತಂತಿ ಬಿಡಿಬಿಡಿಯಾಗಿ ಕೇಳಿತು. ಹಾಡುವ ಹುಡುಗಿ ಸರಿಯಾದ ಜಾಗದಲ್ಲಿ ಎತ್ತಿಕೊಂಡಳು. ನಿಂತವರಲ್ಲಿ ಯಾರೂ ಕೆಮ್ಮಲಿಲ್ಲ. ನಾನು ಕೈ ಮುಗಿದುಕೊಂಡಿದ್ದೆ, ದೇವರಿಗೋ ಅವಳಿಗೋ ಎಂದು ಕೇಳಿದರೆ ಹೇಳಲಾರೆ. ನಾಲ್ಕನೆಯದು ಕುಣಿಯುವ ಹಾಡು. ಅದರ ನಡುವೆ ಅವಳು ಹೆಬ್ಬೆರಳು ಒತ್ತಿ ಗರ್ರ್ ಅನ್ನಿಸಿದಾಗ ಅದೇ ಅಜ್ಜಿ ಸೀಟಿ ಹಾಕಿದಳು.

ಮುಗಿದ ಮೇಲೆ ನಾನು ವೈರು ಸುತ್ತುತ್ತಿದ್ದೆ. ಭಾಯ್ ಬಂದು ಫುಟ್ ಸ್ವಿಚ್ಚನ್ನು ಕೈಗೆತ್ತಿಕೊಂಡು ಒತ್ತಿ ಒತ್ತಿ ನೋಡಿದರು.

“ಈ ಲೈಟ್ ಯಾರ್ ಹಾಕಿದ್ದು?”

“ನಮ್ಮನೆಯೋರು” ಎಂದಳು. ಆ ಒಂದು ಪದವನ್ನು ಅವಳು ಹೇಳಿದ ರೀತಿ ಈಗಲೂ ಕಿವಿಯಲ್ಲಿದೆ.

“ಭಾರಿ ಮಾಡಿದೀರಿ ಮಾರಾಯ್ರೆ. ನನ್ನ ಕೀಬೋರ್ಡಿನ ಪೆಡಲಿಗೂ ಒಂದ್ ಹಾಕ್ಕೊಡಿ.”

“ಹಾಕ್ಕೊಡ್ತಾರೆ” ಎಂದು ಅವಳೇ ಉತ್ತರ ಕೊಟ್ಟಳು. “ಆದ್ರೆ ಮುಂದಿನ್ ಸಲ ಸೀರೆ ಉಟ್ಕಂಡ್ ನೋಡಿ ಅಳತೆ ತಗೋಬೇಕು ಅವ್ರು.”

ಭಾಯ್ ಎಷ್ಟು ನಕ್ಕರೆಂದರೆ ಸೌಂಡ್ ಬಾಕ್ಸಿನ ಮೇಲೆ ಕೂರಬೇಕಾಯಿತು. ಕೋರಸ್ಸಿನ ಮಾತು ಅವತ್ತಿನಿಂದ ಯಾರೂ ಎತ್ತಿಲ್ಲ.

ಮನೆಗೆ ಬಂದು ನಾನು ದೀಪವನ್ನು ಡಬ್ಬಿಯಿಂದ ತೆಗೆದು, ವೈರು ಉದ್ದ ಮಾಡಿ, ಮೈಕ್ ಸ್ಟ್ಯಾಂಡಿಗೆ ಕಟ್ಟಿಕೊಡುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. “ಬ್ಯಾಡ ಬುಡ್ರಿ, ಅಲ್ಲೇ ಇರ್ಲಿ. ಸೀರೆ ಎತ್ತಿ ಕಟ್ದೆ ನೋಡಿ, ಸಭೆ ಭಯ ಆಗ್ಲೇ ಬಿಟ್ಟೋಯ್ತು.” ಹಾಗಾಗಿ ದೀಪ ಇದ್ದಲ್ಲೇ ಇದೆ. ನನ್ನ ಪಾಲಿಗೆ ಉಳಿದಿರುವುದು ಬ್ಯಾಟರಿ ಬದಲಿಸಿ, ಅದರ ಬೆನ್ನಿಗೆ ತಾರೀಖು ಬರೆದ ಚೀಟಿ ಅಂಟಿಸುವುದು.

ಹೋದ ತಿಂಗಳು ವನಗೂರಿನ ಕಡೆ ಒಂದು ಕಾರ್ಯಕ್ರಮವಿತ್ತು. ಭಾಯ್ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಇವಳ ಕಡೆಯೇ ನೋಡುತ್ತ ನಿಂತಿದ್ದರು. ಇವಳು ಬಗ್ಗಿ, ನೆರಿಗೆ ಬಾಚಿ, ಸೊಂಟಕ್ಕೆ ಸಿಕ್ಕಿಸಿ, ಕಾಲಬುಡ ನೋಡಿಕೊಂಡು ತಲೆಯೆತ್ತಿದಳು. ಆಮೇಲೆಯೇ ಅವರು “ಒನ್, ಟೂ” ಎಂದದ್ದು.